ಒಂದೇ ಹೆಸರಿನ ಎರಡು ಎಲೆ

ಬೆಳಗಿನ ಮೊದಲ ಬಸ್ಸು ಓಡಿಸುವವನು ಮುಖ ತೊಳೆದು ಬಚ್ಚಲಿನಿಂದ ಹೊರಗೆ ಬಂದ. ಬಂದವನೇ ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತುಬಿಟ್ಟ.

"ಏನಾಯ್ತ್ರೀ?" ಎಂದಳು ಹೆಂಡತಿ.

"ಏನಿಲ್ಲ. ಕಣ್ಣು ಕತ್ತಲೆ ಬಂದ ಹಾಗಾಯ್ತು."

"ಮೊನ್ನೇನೂ ಹೀಗೇ ಅಂದ್ರಿ."

"ಮೊನ್ನೇದು ಮೊನ್ನೆಗೆ ಆಯ್ತು. ಟೀ ಕೊಡು, ಡಿಪೋಗೆ ಹೊತ್ತಾಯ್ತು."

ಹೆಂಡತಿ ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿ ಪಕ್ಕದಲ್ಲಿ ಮಿಷನ್ನು, ನಡುವೆ ಬಟ್ಟೆ ಕತ್ತರಿಸುವ ಉದ್ದ ಮೇಜು, ಮೂಲೆಯಲ್ಲಿ ಗುಂಡಿ ಹಾಕದೆ ಉಳಿದ ಅಂಗಿಗಳ ರಾಶಿ. ಬಟ್ಟೆ ಕಾಲಿಂಚು ಓರೆಯಾದರೂ ಕಣ್ಣಳತೆಯಲ್ಲೇ ಹೇಳುವ ಹೆಂಗಸು ಅವಳು. ಗಂಡನ ಮುಖದ ಬಣ್ಣ ತಿರುಗಿದ್ದು ಅವಳಿಗೆ ಕಾಣದೆ ಹೋದೀತೇ?

ಎರಡು ತಿಂಗಳ ಹಿಂದೆ ಬೀದಿಯ ಕೊನೆಯ ಆಸ್ಪತ್ರೆಯಲ್ಲಿ ಅವನಿಗೆ ಬಿಪಿ ಇದೆ ಎಂದು ಗೊತ್ತಾಗಿತ್ತು. ದಿನಕ್ಕೊಂದು ಮಾತ್ರೆ ಕೊಟ್ಟಿದ್ದರು. ಮೊದಲ ತಿಂಗಳು ಚೆನ್ನಾಗಿಯೇ ಇದ್ದ. ಆಮೇಲೆ ಈ ತಲೆಸುತ್ತು ಶುರುವಾಯಿತು. ಕೂತವನು ಎದ್ದರೆ ಸುತ್ತು, ಬಗ್ಗಿದವನು ನೆಟ್ಟಗಾದರೆ ಸುತ್ತು. ಅವನು ಮಾತ್ರ ಯಾರಿಗೂ ಹೇಳಬೇಡ ಎನ್ನುತ್ತಿದ್ದ. ಡಿಪೋದಲ್ಲಿ ತಿಳಿದರೆ ಬಸ್ಸಿನಿಂದ ಇಳಿಸುತ್ತಾರೆ ಎನ್ನುವ ಭಯ.

ಅದೇ ವಾರ ಅವನ ಬಸ್ಸಿನ ಕಂಡಕ್ಟರ್ ಹರಿದ ಜೇಬು ಹೊಲಿಸಲು ಬಂದ. ಮಿಷನ್ನಿನ ಮುಂದೆ ಕೂತು ಅದೂ ಇದೂ ಮಾತಾಡುತ್ತಾ, "ಈಗ ಹೇಗಿದ್ದಾರೆ? ಸೋಮವಾರ ಸೇತುವೆ ಮೇಲೆ ನಮ್ಮ ಜೀವಾನೇ ಬಾಯಿಗೆ ಬಂದಿತ್ತು" ಎಂದ.

ಹೊಲಿಗೆಯವಳ ಕಾಲು ಪೆಡಲಿನ ಮೇಲೆ ನಿಂತಿತು. "ಸೇತುವೆ ಮೇಲೆ ಏನಾಯ್ತು?"

ಕಂಡಕ್ಟರ್ ನಾಲಿಗೆ ಕಚ್ಚಿಕೊಂಡ. "ಅಯ್ಯೋ, ಮನೇಲಿ ಹೇಳಿಲ್ವಾ? ಬಸ್ಸು ತುಂಬ ಜನ. ನಡು ಸೇತುವೇಲಿ ಗಕ್ಕನೆ ಬ್ರೇಕ್ ಹಾಕಿ ಸ್ಟೇರಿಂಗ್ ಮೇಲೆ ತಲೆ ಇಟ್ಟುಬಿಟ್ಟರು. ಎರಡು ನಿಮಿಷ ಬಿಟ್ಟು ಎದ್ದು, ನಾಯಿ ಅಡ್ಡ ಬಂತು ಅಂದ್ರು. ನಾನು ಮುಂದೇನೇ ನಿಂತಿದ್ದೆ ಅಕ್ಕ. ನಾಯೀನೂ ಇರಲಿಲ್ಲ, ನರಿಯೂ ಇರಲಿಲ್ಲ."

ಅವನು ಹೋದ ಮೇಲೆ ಅವಳಿಗೆ ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ. ಯೋಚನೆ ಸುತ್ತಿ ಸುತ್ತಿ ಒಂದೇ ಕಡೆ ಹೋಗಿ ನಿಂತಿತು. ಅಡುಗೆಮನೆಯ ಮೇಲಿನ ಹಲಗೆಯ ಮೇಲಿದ್ದ ತಗಡಿನ ಡಬ್ಬಿ. ಅತ್ತೆಯ ಡಬ್ಬಿ.

ಅತ್ತೆಗೆ ಬೀದಿಯಲ್ಲೆಲ್ಲ ಸೊಪ್ಪಜ್ಜಿ ಎಂದೇ ಹೆಸರು. ಯಾವ ಬೇಲಿಯ ಬುಡದಲ್ಲಿ ಏನು ಬೆಳೆಯುತ್ತದೆ, ಯಾವುದನ್ನು ತಿನ್ನಬಹುದು, ಯಾವುದನ್ನು ಗಾಯಕ್ಕೆ ಕಟ್ಟಬಹುದು ಎಲ್ಲ ಅವರಿಗೆ ಗೊತ್ತು. ಮಗನಿಗೆ ಬಿಪಿ ಎಂದು ತಿಳಿದ ಕೆಲವು ದಿನಕ್ಕೆ ಅವರು ಡಬ್ಬಿ ತುಂಬ ಒಣ ಎಲೆ ತುಂಬಿಸಿಟ್ಟಿದ್ದರು. ಅದಕ್ಕೆ ಕಲ್ಲೆಲೆ ಎನ್ನುತ್ತಿದ್ದರು. ದಿನಾ ಬೆಳಗ್ಗೆ ಅದನ್ನು ಕುದಿಸಿ ಒಂದು ಲೋಟ ಕುಡಿಸಿಯೇ ಮಗನನ್ನು ಹೊರಗೆ ಬಿಡುತ್ತಿದ್ದರು.

ಸೊಸೆ ಮರುದಿನದಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಡಬ್ಬಿಯ ಒಳಗೆ, ಎಲೆ ಎಲ್ಲಿಯವರೆಗೆ ಇದೆಯೋ ಅಲ್ಲಿ ಒಂದು ಗೆರೆ ಎಳೆದಳು. ನಾಲ್ಕೇ ದಿನದಲ್ಲಿ ಎಲೆ ಗೆರೆಯಿಂದ ನಾಲ್ಕು ಬೆರಳು ಕೆಳಗಿಳಿದಿತ್ತು. ಮೊದಲು ಚಿಟಿಕೆ ಹಾಕುತ್ತಿದ್ದವರು ಈಗ ಹಿಡಿ ಹಿಡಿ ಹಾಕುತ್ತಿದ್ದಾರೆ! ಇನ್ನೊಂದು ವಿಷಯವೂ ಅವಳಿಗೆ ಸರಿಕಾಣಲಿಲ್ಲ. ಅತ್ತೆ ಎಲೆಯನ್ನು ನೋಡುತ್ತಲೇ ಇರಲಿಲ್ಲ. ಮುಖ ಎಲ್ಲೋ ತಿರುಗಿಸಿಕೊಂಡು ಡಬ್ಬಿಗೆ ಕೈ ಹಾಕುತ್ತಿದ್ದರು. ಐದನೆಯ ದಿನ ಹಾಲು ಹಾಕುವವಳು ಹಿತ್ತಲ ಗೋಡೆಯ ಮೇಲಿಂದ ಒಂದು ಕಾಗದದ ಪೊಟ್ಟಣ ಚಾಚಿದಳು. ಅತ್ತೆ ಅದನ್ನು ಗಬಕ್ಕನೆ ತೆಗೆದುಕೊಂಡು ಬಟ್ಟೆಯ ಮರೆಯಲ್ಲಿ ಅಡಗಿಸಿಕೊಂಡು ಒಳಗೆ ಬಂದರು.

"ಏನದು ಅತ್ತೆ?"

"ಏನೂ ಇಲ್ಲ. ನಿನ್ನ ಕೆಲಸ ನೀನು ನೋಡು."

ಏನೂ ಇಲ್ಲದಿದ್ದರೆ ಅಡಗಿಸುವುದೇಕೆ? ಆ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅವಳು ಡಬ್ಬಿಯಿಂದ ಒಂದು ಹಿಡಿ ಎಲೆ ತೆಗೆದು, ದಾರದುಂಡೆ ಇಡುವ ಪೆಟ್ಟಿಗೆಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಟಳು. ದಾರಿಯುದ್ದಕ್ಕೂ ಕಳ್ಳತನ ಮಾಡಿದವಳಂತೆ ಹಿಂದೆ ತಿರುಗಿ ನೋಡುತ್ತಿದ್ದಳು.

ನರ್ಸ್ ಪೆಟ್ಟಿಗೆ ತೆರೆದು ನೋಡಿದರು. ಮೂಸಿ ನೋಡಿದರು. ಮುಚ್ಚಳ ಹಾಕಿದರು.

"ಇದು ವಿಷಾನಾ ಅಕ್ಕ?" ಎಂದಳು ಅವಳು.

"ಯಾವ ಎಲೆ ಅಂತಾನೇ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ವಿಷ ಅನ್ನೋದೂ ತಪ್ಪು, ಔಷಧಿ ಅನ್ನೋದೂ ತಪ್ಪು. ನಿಮ್ಮೆಜಮಾನರು ಎಲ್ಲಿ? ಅವರನ್ನ ಈಗಲೇ ಕರ್ಕೊಂಡು ಬನ್ನಿ."

ಅವನು ಗೊಣಗುತ್ತಲೇ ಬಂದ. ನರ್ಸ್ ತೋಳಿಗೆ ಪಟ್ಟಿ ಕಟ್ಟಿ ಕೂರಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಬಿಪಿ ನೋಡಿದರು. ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ನಾಡಿ ಎಣಿಸಿದರು. ಅವರ ಹುಬ್ಬು ಗಂಟಿಕ್ಕಿತು.

"ಬಿಪಿ ತುಂಬಾ ಇಳಿದಿದೆ. ನಾಡೀನೂ ನಿಧಾನ ಇದೆ. ಅಲ್ಲ, ಮಾತ್ರೆ ಕೊಡುವಾಗ ನಾನು ಕೇಳಿದ್ದೆ ತಾನೇ, ಬೇರೆ ಏನಾದ್ರೂ ಔಷಧಿ ತಗೋತೀರಾ ಅಂತ? ಆಮೇಲಾದ್ರೂ ಶುರು ಮಾಡಿದಾಗ ಬಂದು ಹೇಳ್ಬೇಕಿತ್ತಲ್ವಾ?"

"ಔಷಧಿ ಎಲ್ಲಿ ತಗೊಂಡೆ? ಸೊಪ್ಪಿನ ನೀರು ಅದು. ಸೊಪ್ಪನ್ನ ಯಾರಾದ್ರೂ ಔಷಧಿ ಅಂತಾರಾ?"

"ನಿಮ್ಮ ತಾಯಿ ಅದನ್ನ ಯಾತಕ್ಕೆ ಕೊಡ್ತಿದ್ದಾರೆ?"

"ಬಿಪಿ ಇಳೀಲಿ ಅಂತ."

"ಮತ್ತೆ?" ಎಂದರು ನರ್ಸ್.

ನರ್ಸ್ ಡಾಕ್ಟರನ್ನು ಅಲ್ಲಿಗೇ ಕರೆಸಿದರು. ಡಾಕ್ಟರು ಎದೆಯ ಪರೀಕ್ಷೆ ಮಾಡಿ ಅವನನ್ನು ಆ ದಿನ ಅಲ್ಲೇ ಮಲಗಿಸಿಕೊಂಡರು. ಸೊಪ್ಪಿನ ನೀರು ಇವತ್ತಿಂದಲೇ ಬಂದ್. ಮಾತ್ರೆಯನ್ನು ನಿಮ್ಮಿಷ್ಟಕ್ಕೆ ಬಿಡಬೇಡಿ, ಎಷ್ಟು ತೆಗೆದುಕೊಳ್ಳಬೇಕೆಂದು ನಾವು ಹೇಳುತ್ತೇವೆ. ನಾವು ಹೇಳುವ ತನಕ ಬಸ್ಸು ಮುಟ್ಟುವಂತಿಲ್ಲ. ಹೀಗೆ ಖಡಾಖಂಡಿತವಾಗಿ ಹೇಳಿದರು. ಎಲೆ ಯಾವುದೆಂದು ಬಂದು ನೋಡಲು ನರ್ಸ್ ಕಾಲೇಜಿನಲ್ಲಿ ಗಿಡಗಳ ಪಾಠ ಮಾಡುವ ಒಬ್ಬ ಮೇಡಂಗೆ ಫೋನು ಹಚ್ಚಿದರು.

ಮನೆಯಲ್ಲಿ ಸೊಸೆ ವಿಷಯ ತೆಗೆದಾಗ ಅತ್ತೆ ಕುಳಿತಲ್ಲಿಂದ ತಟ್ಟನೆ ಎದ್ದರು.

"ನನ್ನ ಡಬ್ಬಿಯಿಂದ ಕದ್ದು ತಗೊಂಡು ಹೋದೆಯಾ?"

"ಬೇರೆ ದಾರಿ ಇರಲಿಲ್ಲ ಅತ್ತೆ."

"ಹೆತ್ತ ಮಗನಿಗೆ ನಾನೇ ವಿಷ ಹಾಕ್ತೀನಿ ಅಂದ್ಕೊಂಡೆಯಾ? ನಮ್ಮ ಮಾವನಿಗೆ ಇದೇ ನೀರು ಕೊಟ್ಟು ಹನ್ನೆರಡು ವರ್ಷ ನೋಡ್ಕೊಂಡಿದ್ದೀನಿ ಕಣೆ! ಆ ಬಿಳಿ ಮಾತ್ರೆ ಬಂದ ಮೇಲೇ ಅವನಿಗೆ ಹೀಗಾಗಿದ್ದು. ಅದನ್ನ ಯಾಕೆ ಯಾರೂ ಕೇಳಲ್ಲ?"

ಅತ್ತೆಯ ದನಿ ಒಡೆಯಿತು.

"ಈಗ ಕಾಲೇಜಿನವರು ಬರ್ತಾರಂತೆ. ಬರಲಿ. ಹಿಂದೆಯೂ ಒಬ್ಬ ಬಂದಿದ್ದ. ಅಜ್ಜಿ ಅಜ್ಜಿ ಅಂತ ಎರಡು ದಿನ ನನ್ನ ಹಿಂದೆ ತಿರುಗಿ ಎಲ್ಲ ಬರ್ಕೊಂಡು, ಫೋಟೋ ತಗೊಂಡು ಹೋದ. ಆಮೇಲೆ ಒಂದಿನ ಅಂಗಡಿಯಲ್ಲಿ ಹಸಿರು ಸೀಸೆ ನೋಡಿದೆ. ಮೇಲೆ ನನ್ನ ಕಲ್ಲೆಲೆ ಚಿತ್ರ. ಯಾರು ಹೇಳಿಕೊಟ್ಟಿದ್ದು ಅಂತ ಒಂದಕ್ಷರ ಇಲ್ಲ. ಇವರಿಗೆ ಬೇಕಾದಾಗ ನಾನು ತಿಳಿದವಳು, ಬೇಡವಾದಾಗ ವಿಷ ಹಾಕೋಳು."

ಸೊಸೆ ಈ ಮಾತನ್ನು ಮೊದಲ ಸಲ ಕೇಳುತ್ತಿದ್ದಳು. ಅತ್ತೆಯ ಮೇಲಿನ ಅನುಮಾನ ಹೋಗಲಿಲ್ಲ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಅನುಮಾನವೂ ಬಂದು ಕೂತಿತು. ಬರುವ ಆ ಮೇಡಂ ಎಂಥವರೋ?

ಮೇಡಂ ಮರುದಿನ ಮಧ್ಯಾಹ್ನ ಬಂದರು, ನರ್ಸ್ ಜೊತೆಗೆ. ಹೆಗಲಲ್ಲಿ ಚೀಲ, ಕಾಲಲ್ಲಿ ಮಣ್ಣು ಮೆತ್ತಿದ ಬೂಟು. ಬಾಗಿಲಲ್ಲೇ ಬೂಟು ಬಿಟ್ಟು ಒಳಗೆ ಬಂದರು. ಸೊಸೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಡಬ್ಬಿಯನ್ನು ಸುರಿದಳು. ಅತ್ತೆ ಗೋಡೆಗೊರಗಿ ಕೈ ಕಟ್ಟಿ ನಿಂತರು.

ಮೇಡಂ ಸಣ್ಣ ಭೂತಗನ್ನಡಿ ಹಿಡಿದು ಒಂದೊಂದೇ ಎಲೆ ನೋಡಿದರು. ಅಂಚು ನೋಡಿದರು, ನರ ನೋಡಿದರು.

"ಈ ಗಿಡ ನನಗೆ ಗೊತ್ತು. ಬಿಪಿ ಸ್ವಲ್ಪ ಇಳಿಸಬಹುದು ಅಂತ ಪರೀಕ್ಷೆ ಮಾಡಿದವರಿದ್ದಾರೆ. ಆದರೆ ಪರೀಕ್ಷೆಗಳು ಸಣ್ಣವು, ಖಚಿತವಾಗಿ ಹೇಳೋ ಹಾಗಿಲ್ಲ. ಎಲ್ಲಾ ಒಂದೇ ಗಿಡದ ಎಲೆ ಅನ್ಸುತ್ತೆ. ವಿಷದ ಗಿಡ ಏನೂ ಕಾಣ್ತಿಲ್ಲ."

ಸೊಸೆ ಅತ್ತೆಯ ಮುಖ ನೋಡಿದಳು. ಗೆದ್ದೆ ಎಂದು ಬೀಗುತ್ತಾರೆ ಎಂದುಕೊಂಡಿದ್ದಳು. ಅತ್ತೆ ಬೀಗಲಿಲ್ಲ. ಕಟ್ಟಿದ ಕೈ ಸಡಿಲವಾಯಿತು. ಸುಮ್ಮನಿದ್ದಿದ್ದರೆ ಅಲ್ಲಿಗೆ ಅವರ ಮೇಲಿನ ಮಾತು ಮುಗಿಯುತ್ತಿತ್ತು. ಅವರು ಸುಮ್ಮನಿರಲಿಲ್ಲ. ಮೆಲ್ಲಗೆ ಮೇಜಿನ ಹತ್ತಿರ ಬಂದು ಎಲೆಯ ರಾಶಿಗೆ ಕೈ ಹಾಕಿದರು. ಒಂದು ಎಲೆಯನ್ನು ಬೆರಳ ನಡುವೆ ಉಜ್ಜಿ ಮೂಗಿಗೆ ಹಿಡಿದರು. ಇನ್ನೊಂದು. ಮತ್ತೊಂದು.

"ಇದು ಹೌದು," ಎಂದು ಎಡಕ್ಕಿಟ್ಟರು. "ಇದು ಅಲ್ಲ," ಎಂದು ಬಲಕ್ಕಿಟ್ಟರು.

"ಏನು ವ್ಯತ್ಯಾಸ ಅಜ್ಜಿ? ನನಗೆ ಎರಡೂ ಒಂದೇ ಥರ ಕಾಣುತ್ತೆ," ಎಂದರು ಮೇಡಂ.

"ಕಣ್ಣಿಗೆ ಒಂದೇ. ಬೆರಳಿಗೆ ಬೇರೆ. ನನ್ನ ಎಲೆ ಉಜ್ಜಿದ್ರೆ ಹಿಂಬದಿ ಒರಟು, ವಾಸನೆ ಚುರುಕು. ಇದು ನುಣ್ಣಗೆ, ಹಸಿ ಮಣ್ಣಿನ ವಾಸನೆ. ನನ್ನದು ಒಣ ಕಲ್ಲು ಬಿಟ್ರೆ ಎಲ್ಲೂ ಬೆಳೆಯಲ್ಲ. ಹೂ ಕಂಡ ಮೇಲೇ ನಾವು ಕೀಳೋದು, ಯಾಕಂದ್ರೆ ಹೂ ಬರೋ ತನಕ ಇದರ ಹಾಗೇ ಇರೋ ಗಿಡಗಳು ತುಂಬಾ ಇವೆ."

ಮೇಡಂ ಆ ಎರಡು ಎಲೆಗಳನ್ನು ತಾವೂ ಉಜ್ಜಿದರು, ಮೂಸಿದರು. ಚೀಲದಿಂದ ಕೈಯಲ್ಲಿ ಹಿಡಿಯುವಂಥ ಪುಟ್ಟ ಸೂಕ್ಷ್ಮದರ್ಶಕ ತೆಗೆದು ಎಲೆಯ ಹಿಂಬದಿಗೆ ಹಿಡಿದರು. ಮುಖ ಕೆಂಪಾಯಿತು.

"ಅಜ್ಜಿ ಹೇಳಿದ್ದೇ ಸರಿ. ಒಂದರ ಮೇಲೆ ಕೊಕ್ಕೆ ಥರ ರೋಮ ಇದೆ, ಇನ್ನೊಂದರ ಮೇಲೆ ಏನೂ ಇಲ್ಲ. ಬರೀ ಒಣಗಿದ ಎಲೆ ನೋಡಿ ನಾನು ಅವಸರದಲ್ಲಿ ಹೇಳಿಬಿಟ್ಟೆ. ಹೇಳಬಾರದಿತ್ತು."

"ಇಷ್ಟೆಲ್ಲ ಗೊತ್ತಿದ್ದೂ ಈ ಎಲೆ ಡಬ್ಬಿಗೆ ಬಂದದ್ದು ಹೇಗೆ ಅತ್ತೆ?" ಎಂದಳು ಸೊಸೆ. ದನಿಯಲ್ಲಿ ಇನ್ನೂ ಮೊನಚಿತ್ತು.

ಅತ್ತೆ ಕುರ್ಚಿ ಎಲ್ಲಿದೆ ಎಂದು ಕೈಯಲ್ಲಿ ತಡಕಿದರು. ಆ ತಡಕಾಟವನ್ನು ಸೊಸೆ ಆಗ ಸರಿಯಾಗಿ ನೋಡಿದಳು.

"ಕಣ್ಣು ಕಾಣ್ತಿಲ್ಲ ಕಣೆ," ಎಂದರು ಅತ್ತೆ. "ಒಂದು ವರ್ಷ ಆಯ್ತು. ಎಲ್ಲ ಮಂಜು ಮಂಜು. ಹಳೇ ಕಲ್ಲುಕ್ವಾರಿಗೂ ಬೇಲಿ ಹಾಕಿಬಿಟ್ರು. ನಾನು ಕೂಡಿಟ್ಟಿದ್ದ ಎಲೆ ಮುಗೀತಾ ಬಂದಾಗ ಹಾಲಿನವಳು ತಂದುಕೊಡ್ತೀನಿ ಅಂದ್ಲು. ಮೊದಮೊದಲು ಉಜ್ಜಿ ಮೂಸಿ ಹಾಕ್ತಿದ್ದೆ. ಆಮೇಲೆ ಮಗ ಸೋತು ಬಂದ ಹಾಗೆಲ್ಲ ಗಾಬರಿಯಾಗಿ, ಮೂಸೋದು ಬಿಟ್ಟು ಹಿಡಿ ಹಿಡಿ ಹಾಕಿದೆ. ಸೊಪ್ಪಜ್ಜಿಗೆ ಸೊಪ್ಪೇ ಕಾಣಲ್ಲ ಅಂತ ಯಾರ ಹತ್ರ ಹೇಳ್ಲಿ?"

ಐದು ದಿನ ಕಾವಲು ಕಾದ ಸೊಸೆಗೆ ಪೊಟ್ಟಣ ಕಂಡಿತ್ತು, ಗೆರೆ ಕಂಡಿತ್ತು. ಒಂದೇ ಸೂರಿನ ಕೆಳಗಿದ್ದೂ ಅತ್ತೆಯ ಕಣ್ಣು ಕಂಡಿರಲಿಲ್ಲ.

ಆಗ ಎಲ್ಲರ ಅನುಮಾನ ಹಾಲಿನವಳ ಕಡೆ ತಿರುಗಿತು. ಕರೆಸಿದಾಗ ಅವಳು ಕ್ಯಾನು ಹಿಡಿದೇ ಬಂದಳು. ಮೇಜಿನ ಸುತ್ತ ನಿಂತವರನ್ನು ನೋಡಿ ಬಾಗಿಲಲ್ಲೇ ನಿಂತಳು.

"ನಾನೇನು ಮೋಸ ಮಾಡಿಲ್ಲಮ್ಮ! ಅಜ್ಜಿ ಕಲ್ಲೆಲೆ ಅಂದ್ರು, ಕಲ್ಲೆಲೆನೇ ತಂದೆ. ನಮ್ಮ ತವರಲ್ಲಿ ಇದಕ್ಕೇ ಕಲ್ಲೆಲೆ ಅನ್ನೋದು. ಕಾಲುವೆ ಮೆಟ್ಟಿಲ ಕಲ್ಲಿನ ಸಂದಿಯಲ್ಲಿ ಬೆಳೆಯುತ್ತೆ. ನಾವು ಹಸುವಿನ ಕಾಲಿಗೆ ಗಾಯ ಆದ್ರೆ ಅರೆದು ಹಚ್ತೀವಿ."

"ತಿನ್ನೋದಕ್ಕೆ ಕೊಡ್ತೀರಾ?" ಎಂದು ಕೇಳಿದರು ಮೇಡಂ.

"ಅಯ್ಯೋ, ಬಾಯಿಗೆ ಯಾರು ಹಾಕ್ತಾರೆ? ಅಜ್ಜಿನೂ ಗಾಯಕ್ಕೇ ಕೇಳಿದ್ದಾರೆ ಅಂದ್ಕೊಂಡಿದ್ದೆ. ನಿಮಗ್ಯಾಕೆ ಅಂತ ಅವರನ್ನ ಕೇಳೋಕೆ ಹೋಗಲಿಲ್ಲ."

ಅಲ್ಲಿಗೆ ಗಂಟು ಬಿಚ್ಚಿತು. ಹೆಸರು ಒಂದೇ, ಗಿಡ ಎರಡು. ಹಾಲಿನವಳೂ ಸುಳ್ಳು ಹೇಳಿರಲಿಲ್ಲ, ಅತ್ತೆಯೂ ಹೇಳಿರಲಿಲ್ಲ. ಒಬ್ಬರನ್ನೊಬ್ಬರು ಕೇಳಿರಲಿಲ್ಲ, ಅಷ್ಟೇ. ಆ ಸಂಜೆಯೇ ಮೇಡಂ ಹಾಲಿನವಳ ಜೊತೆ ಕಾಲುವೆಗೆ ಹೋಗಿ ಹೂವಿದ್ದ ಗಿಡವನ್ನು ಬೇರು ಸಮೇತ ತಂದರು. ಕಾಲೇಜಿನಲ್ಲಿ ಒತ್ತಿ ಒಣಗಿಸಿಟ್ಟ ಗಿಡಗಳ ಹಾಳೆಗಳ ಜೊತೆ ಹೋಲಿಸಿ ನೋಡಿ, ಎರಡು ದಿನ ಬಿಟ್ಟು ನರ್ಸ್ ಜೊತೆ ಮತ್ತೆ ಮನೆಗೆ ಬಂದು ವಿಷಯ ತಿಳಿಸಿದರು.

"ಕಾಲುವೆ ಗಿಡದ ಹತ್ತಿರದ ಸಂಬಂಧಿ ಗಿಡಗಳಲ್ಲಿ ಕೆಲವು ಹೃದಯದ ಬಡಿತ ನಿಧಾನ ಮಾಡುತ್ತವೆ. ಇದೂ ಮಾಡುತ್ತಾ? ನಿಜ ಹೇಳಬೇಕಂದ್ರೆ ನಮಗಿನ್ನೂ ಪೂರ್ತಿ ಗೊತ್ತಿಲ್ಲ. ಗೊತ್ತಾಗೋ ತನಕ ಯಾರೂ ಹೊಟ್ಟೆಗೆ ತಗೋಬಾರದು."

"ಹಾಗಾದ್ರೆ ನನ್ನ ಎಲೆ ಸರಿ ಇತ್ತು ತಾನೇ?" ಎಂದರು ಅತ್ತೆ.

ಉತ್ತರ ಕೊಟ್ಟವರು ನರ್ಸ್. "ಎಲೆ ಸರಿ ಇತ್ತು ಅಜ್ಜಿ, ಜೊತೆ ಸರಿ ಇರಲಿಲ್ಲ. ನಿಮ್ಮ ಮಾವನವರು ಮಾತ್ರೆ ತಗೋತಿದ್ರಾ?"

"ಆಗ ಮಾತ್ರೆ ಎಲ್ಲಿತ್ತು?"

"ಅದೇ ನೋಡಿ. ನಿಮ್ಮ ಎಲೆ ಒಂದು ಕಡೆಯಿಂದ ಬಿಪಿ ಇಳಿಸಬಹುದು, ನಮ್ಮ ಮಾತ್ರೆ ಇನ್ನೊಂದು ಕಡೆಯಿಂದ ಇಳಿಸುತ್ತೆ. ಎರಡೂ ಸೇರಿ ನಿಮ್ಮ ಮಗನನ್ನ ನೆಲಕ್ಕೇ ಇಳಿಸಿಬಿಡ್ತಿದ್ವು. ಮೇಲಿಂದ ಈ ಗೊತ್ತಿಲ್ಲದ ಎಲೆ ಬೇರೆ. ಹನ್ನೆರಡು ವರ್ಷದ ನಿಮ್ಮ ಅನುಭವ ಸುಳ್ಳಲ್ಲ. ಆದರೆ ಮಾತ್ರೆ ಜೊತೆ ಕೊಟ್ಟ ಅನುಭವ ನಿಮಗೂ ಇಲ್ಲ. ನಮಗೆ ಎಲೆ ವಿಷಯ ಯಾರೂ ಹೇಳಲೇ ಇಲ್ಲ."

ಅತ್ತೆ ಡಬ್ಬಿಯನ್ನು ಹತ್ತಿರಕ್ಕೆಳೆದು ಮುಚ್ಚಳ ಒತ್ತಿ ಹಾಕಿದರು. ಆಮೇಲೆ, "ಸರಿ. ಅವನು ಮಾತ್ರೆ ತಗೊಳ್ಳೋ ತನಕ ನನ್ನ ನೀರು ಬೇಡ" ಎಂದರು. ಆ ಮಾತು ಅವರ ಬಾಯಿಂದ ಸುಲಭಕ್ಕೆ ಬರಲಿಲ್ಲ.

ಮೇಡಂ ಹೊರಡುವ ಮುಂಚೆ ಒಂದು ಕಾಗದ ತೆಗೆದರು. ಅಜ್ಜಿಗೆ ಗೊತ್ತಿರುವುದನ್ನೆಲ್ಲ ಬರೆದುಕೊಳ್ಳಬಹುದೇ ಎಂದು ಕೇಳಿದರು. ಅತ್ತೆಯ ಮುಖ ಬಿಗಿಯಿತು. "ಏನು ಬರೆದಿದೆ, ಓದು" ಎಂದು ಸೊಸೆಗೆ ಹೇಳಿದರು.

ಸೊಸೆ ಒಂದಕ್ಷರ ಬಿಡದೆ ಓದಿದಳು. ಹೇಳಿದವರ ಹೆಸರು ಬರೆಯಬೇಕು, ಅವರು ಬೇಡ ಎಂದದ್ದನ್ನು ಬರೆಯುವಂತಿಲ್ಲ, ಅವರನ್ನು ಕೇಳದೆ ಯಾರಿಗೂ ವ್ಯಾಪಾರಕ್ಕೆ ಕೊಡುವಂತಿಲ್ಲ, ಒಂದು ಪ್ರತಿ ಅವರ ಮನೆಯಲ್ಲಿರಬೇಕು. "ಇನ್ನೊಂದು ಸಲ ಓದು," ಎಂದರು ಅತ್ತೆ. ಸೊಸೆ ಇನ್ನೊಂದು ಸಲ ಓದಿದಳು.

"ನನ್ನ ಮೇಲೆ ಇನ್ನೂ ಅನುಮಾನಾನಾ ಅಜ್ಜಿ?" ಎಂದು ಮೇಡಂ ನಕ್ಕರು.

"ಇರಬಾರದಾ? ನನ್ನ ಡಬ್ಬಿ ಮೇಲೆ ನಿಮಗಿರಲಿಲ್ವಾ?" ಎಂದರು ಅತ್ತೆ. ಆಮೇಲೆ ಸಹಿಯ ಜಾಗ ಎಲ್ಲಿದೆ ಎಂದು ಸೊಸೆಯ ಬೆರಳು ಹಿಡಿದು ಕೇಳಿದರು.

ಗಂಡನಿಗೆ ಮೂರು ವಾರ ರಜೆ ಸಿಕ್ಕಿತು. ಡಿಪೋದವರು ಕೆಲಸದಿಂದ ತೆಗೆಯಲಿಲ್ಲ, ರಜೆ ಮುಗಿದ ಮೇಲೆ ಡಾಕ್ಟರ ಚೀಟಿ ನೋಡಿ ಕೆಲವು ದಿನ ಹಗುರ ಕೆಲಸ ಕೊಟ್ಟರು. ಮುಚ್ಚಿಟ್ಟಿದ್ದಕ್ಕೆ ಮಾತ್ರ ಚೆನ್ನಾಗಿ ಬೈದರು. ಡಾಕ್ಟರು ಮಾತ್ರೆಯ ಪ್ರಮಾಣ ಸರಿ ಮಾಡಿದರು. ತಲೆಸುತ್ತು ನಿಂತಿತು. ಅತ್ತೆಯ ಕಣ್ಣಿನ ಪೊರೆ ತೆಗೆಸಲು ಕರೆದುಕೊಂಡು ಹೋದವಳು ಸೊಸೆಯೇ. ಪಟ್ಟಿ ಬಿಚ್ಚಿದ ದಿನ ಅತ್ತೆ ಸೊಸೆಯ ಮುಖವನ್ನು ಹತ್ತಿರದಿಂದ ನೋಡಿ, "ಎಷ್ಟು ಸೊರಗಿದ್ದೀಯೆ! ಊಟ ಮಾಡ್ತೀಯೋ ಇಲ್ವೋ?" ಎಂದು ಗದರಿದರು. ಸೊಸೆ ಅಲ್ಲೇ, ಆಸ್ಪತ್ರೆಯ ಬೆಂಚಿನ ಮೇಲೆ, ಅತ್ತುಬಿಟ್ಟಳು.

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಣ್ಣ, ಈಗ ನಿಮ್ಮನ್ನೇ ಕೇಳುತ್ತಿದ್ದೇವೆ. ನಿಮ್ಮ ಮನೆಯಲ್ಲೂ ಯಾರೋ ಎಲೆಯ ನೀರು ಕುಡಿಯುತ್ತಿರಬಹುದು, ಬೇರಿನ ಪುಡಿ ತಿನ್ನುತ್ತಿರಬಹುದು. ಅದು ಆಸ್ಪತ್ರೆಯವರಿಗೆ ಗೊತ್ತಿದೆಯೇ? ನರ್ಸ್ ಬೈದಾರು ಎಂದು ಮುಚ್ಚಿಡಬೇಡಿ. ಹೆಸರು ಹೇಳಿದರೆ ಸಾಲದು, ಎಲೆಯನ್ನೇ ತೆಗೆದುಕೊಂಡು ಹೋಗಿ ತೋರಿಸಿ, ಸಿಕ್ಕರೆ ಹೂವಿನ ಸಮೇತ. ನೀವಾಗಿ ಮಾತ್ರೆ ಬಿಡಬೇಡಿ, ನೀವಾಗಿ ಎಲೆ ಸೇರಿಸಲೂಬೇಡಿ. ಗುರುತು ಸಿಗದ ಗಿಡ ಎಷ್ಟೇ ಪರಿಚಿತವಾಗಿ ಕಂಡರೂ ಬಾಯಿಗೆ ಹಾಕಬೇಡಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರೇ, ನೀವೂ "ಔಷಧಿ ತಗೋತೀರಾ" ಎಂದಷ್ಟೇ ಕೇಳಬೇಡಿ. "ಮನೆಯಲ್ಲಿ ಏನು ಕುಡೀತೀರಾ" ಎಂದು ಕೇಳಿ.

ಗಿಡ ಬಲ್ಲ ಹಿರಿಯರು ನಿಮ್ಮಲ್ಲಿದ್ದರೆ ಅವರನ್ನು ನಂಬಿ ಸುಮ್ಮನಾಗಬೇಡಿ, ಅನುಮಾನಪಟ್ಟು ದೂರವೂ ಇಡಬೇಡಿ. ಇವತ್ತೇ ಹತ್ತಿರ ಕೂತು ಕೇಳಿ: ಯಾವ ಗಿಡ, ಎಲ್ಲಿ ಬೆಳೆಯುತ್ತದೆ, ಹೇಗೆ ಗುರುತು ಹಿಡಿಯುತ್ತೀರಿ? ಕೇಳುತ್ತಾ ಅವರ ಕಣ್ಣನ್ನೂ ಒಮ್ಮೆ ಸರಿಯಾಗಿ ನೋಡಿ.